ಹೊರಗುತ್ತಿಗೆ ನೌಕರರ ಕಣ್ಣಿನ ತಪಾಸಣೆ: ಏಜೆನ್ಸಿ ಮಾಡಿಸಬೇಕೋ, ಕಚೇರಿಯೋ?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 29 ಹಳೆಯ ಕಾನೂನುಗಳು ಈ ನಾಲ್ಕರೊಳಗೆ ಸೇರಿಹೋದವು. ಆ ದಿನದ ಸುದ್ದಿಯಲ್ಲಿ ಎದ್ದು ಕಂಡ ಸಾಲುಗಳಲ್ಲಿ ಒಂದು: 40 ವರ್ಷ ದಾಟಿದ ಎಲ್ಲ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ.

ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕಚೇರಿಯಲ್ಲೋ ನಾಡಕಚೇರಿಯಲ್ಲೋ ಏಜೆನ್ಸಿಯ ಮೂಲಕ ಸೇರಿ, ಬೆಳಗ್ಗೆಯಿಂದ ಸಂಜೆಯವರೆಗೆ ಪರದೆ ನೋಡುವ ಡಾಟಾ ಎಂಟ್ರಿ ಆಪರೇಟರ್ ಈ ಸಾಲನ್ನು ಓದಿದರೆ ಖುಷಿಗಿಂತ ಗೊಂದಲವೇ ಹೆಚ್ಚು. ತಪಾಸಣೆ ಎಂದರೆ ಬಿಪಿ, ಶುಗರ್ ಮಾತ್ರವೋ, ಕಣ್ಣೂ ಸೇರಿತೋ? ವಯಸ್ಸು 28 ಆಗಿದ್ದರೆ ಇನ್ನು 12 ವರ್ಷ ಕಾಯಬೇಕೋ? ಸಂಬಳ ಹಾಕುವುದು ಬೆಂಗಳೂರಿನ ಏಜೆನ್ಸಿ, ಕೆಲಸ ಹೇಳುವುದು ತಹಶೀಲ್ದಾರರ ಕಚೇರಿ; ಇವರಿಬ್ಬರಲ್ಲಿ ಯಾರ ಬಳಿ ಕೇಳಬೇಕು?

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ರಾಜ್ಯ ಸರ್ಕಾರದ ನಿಯಮಗಳಲ್ಲಿ ಇರಬೇಕು. ಮೂರನೆಯದಕ್ಕೆ ಉತ್ತರ ಕಾನೂನಿನಲ್ಲೇ ಇದೆ. ಆದರೆ ಅದು ಎರಡು ಬೇರೆ ಬೇರೆ ಕಲಮುಗಳಲ್ಲಿ ಹಂಚಿಹೋಗಿರುವುದರಿಂದ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಕೆಲಸ ಎಂಥದ್ದು

ಮಲೆನಾಡಿನಲ್ಲಿ ಕಂಪ್ಯೂಟರ್ ಕೆಲಸ ಎಂದರೆ ಮಾಚೇನಹಳ್ಳಿಯ ಐಟಿ ಪಾರ್ಕ್ ಒಂದೇ ಅಲ್ಲ. ಭೂಮಿ ಕೇಂದ್ರದ ಪಹಣಿ, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಅಡಿಕೆ ಮಂಡಿಯ ಬಿಲ್ಲು, ಸಹಕಾರ ಸಂಘದ ಸಾಲದ ಲೆಕ್ಕ, ಆಸ್ಪತ್ರೆಯ ಹೊರರೋಗಿ ಚೀಟಿ, ಎಲ್ಲದರ ಹಿಂದೆಯೂ ಕೀಬೋರ್ಡ್ ಕುಟ್ಟುವ ಒಬ್ಬರಿದ್ದಾರೆ. ಸರ್ಕಾರಿ ಕಚೇರಿಗಳಲ್ಲಿ ಇಂಥವರಲ್ಲಿ ಅನೇಕರು ಹೊರಗುತ್ತಿಗೆಯವರು.

ಕಂದಾಯ ಇಲಾಖೆಯ ಭೂ ಸುರಕ್ಷಾ ಯೋಜನೆ ಬಂದ ಮೇಲೆ ಈ ಕೆಲಸದ ಸ್ವರೂಪವೇ ಬದಲಾಗಿದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ, ಪ್ರತಿಯೊಂದಕ್ಕೂ ಹಳ್ಳಿ, ಸರ್ವೆ ನಂಬರ್, ವರ್ಷ ನಮೂದಿಸಿ ಇಂಡೆಕ್ಸ್ ಮಾಡಬೇಕು. ಮಳೆನಾಡಿನ ತೇವಕ್ಕೆ ಶಾಯಿ ಹರಡಿದ ಹಾಳೆ, ಗೆದ್ದಲು ತಿಂದ ಅಂಚು, ಒಬ್ಬೊಬ್ಬ ಶಾನುಭೋಗರದ್ದು ಒಂದೊಂದು ಬರಹ. ಕನ್ನಡ ಅಂಕಿಗಳಲ್ಲಿ ಬರೆದ ೩ ಮತ್ತು ೬ ಮಸುಕಾದಾಗ ಹತ್ತಿರದಿಂದ ನೋಡಿದರೂ ಒಂದರಂತೆ ಇನ್ನೊಂದು ಕಾಣುತ್ತದೆ. ಒಮ್ಮೆ ಕಾಗದ, ಒಮ್ಮೆ ಪರದೆ, ಮತ್ತೆ ಕಾಗದ. ಕಣ್ಣು ದಿನವಿಡೀ ದೂರ ಬದಲಿಸುತ್ತಲೇ ಇರಬೇಕು.

ಬೆಳಕಿನದ್ದು ಇನ್ನೊಂದು ತೊಂದರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಗಲಲ್ಲೂ ಟ್ಯೂಬ್‌ಲೈಟ್ ಹಾಕಬೇಕಾದ ದಿನಗಳೇ ಹೆಚ್ಚು. ಕರೆಂಟ್ ಹೋದಾಗ ಯುಪಿಎಸ್‌ನಿಂದ ಕಂಪ್ಯೂಟರ್ ಉಳಿದುಕೊಳ್ಳುತ್ತದೆ. ಯುಪಿಎಸ್‌ಗೆ ದೀಪವನ್ನು ಜೋಡಿಸಿಲ್ಲದ ಕಡೆ ಕತ್ತಲ ಕೋಣೆಯಲ್ಲಿ ಪರದೆ ಒಂದೇ ಉರಿಯುತ್ತಿರುತ್ತದೆ. ಕಣ್ಣಿಗೆ ಆಯಾಸ ತರಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಕಚೇರಿಗಳಲ್ಲಿ ಮೇಜಿನ ಮೇಲೆ 300ರಿಂದ 750 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಬೀಳಬೇಕು ಎನ್ನುತ್ತದೆ ಒಳಾಂಗಣ ಬೆಳಕಿನ ಭಾರತೀಯ ಮಾನಕ, ಐಎಸ್ 3646. ಎಷ್ಟು ಬೀಳುತ್ತಿದೆ ಎಂದು ಮೊಬೈಲ್ ಆ್ಯಪ್‌ನಲ್ಲೇ ಅಂದಾಜು ಅಳೆದು ನೋಡಬಹುದು.

ಪರದೆ ಕಣ್ಣು ಕೆಡಿಸುತ್ತದೆಯೇ?

ಇಡೀ ವಿವಾದ ಸಿಕ್ಕಿಕೊಂಡಿರುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯ ಮೇಲೆ ಗಮನ ಇಟ್ಟಾಗ ಅದು ಮೂರನೇ ಒಂದು ಭಾಗಕ್ಕೆ ಇಳಿಯಬಹುದು. ರೆಪ್ಪೆ ಬಡಿಯದಿದ್ದರೆ ಕಣ್ಣೀರಿನ ತೆಳು ಪದರ ಒಣಗುತ್ತದೆ. ಉರಿ, ಕೆರೆತ, ಮಂಜು ಕವಿದಂತಾಗುವುದು ಅದರ ಫಲ. ಹತ್ತಿರದ ವಸ್ತುವನ್ನು ಗಂಟೆಗಟ್ಟಲೆ ನೋಡಿದಾಗ ಕಣ್ಣಿನೊಳಗಿನ ಸ್ನಾಯು ಬಿಗಿದೇ ಇರುತ್ತದೆ. ಅದರಿಂದ ಹಣೆನೋವು, ಸಂಜೆ ಹೊರಗೆ ಬಂದಾಗ ಬಸ್ಸಿನ ಬೋರ್ಡ್ ಸ್ಪಷ್ಟವಾಗದಿರುವುದು. ಇವೆಲ್ಲ ತಾತ್ಕಾಲಿಕ. ಕಂಪ್ಯೂಟರ್ ಪರದೆ ವಯಸ್ಕರ ಕಣ್ಣಿಗೆ ಕಾಯಂ ಹಾನಿ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಅಂಗಡಿಗಳಲ್ಲಿ ಹೆಚ್ಚು ಹಣಕ್ಕೆ ಮಾರುವ ನೀಲಿ ಬೆಳಕು ತಡೆಯುವ ಕನ್ನಡಕಗಳೂ ಅಷ್ಟೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ವಿಮರ್ಶೆಯೊಂದು 2023ರಲ್ಲಿ ಇಂಥ 17 ಪ್ರಯೋಗಗಳನ್ನು ಪರಿಶೀಲಿಸಿತು. ಸಾಮಾನ್ಯ ಕನ್ನಡಕಕ್ಕೆ ಹೋಲಿಸಿದರೆ ಅಲ್ಪಾವಧಿಯಲ್ಲಿ ಇವುಗಳಿಂದ ಕಣ್ಣಿನ ಆಯಾಸ ಕಡಿಮೆಯಾಗುವ ಲಕ್ಷಣ ಅದಕ್ಕೆ ಕಾಣಲಿಲ್ಲ.

ಮಾಲೀಕರ ಕಡೆಯವರು ಹಿಡಿಯುವುದು ಇದೇ ಎಳೆಯನ್ನು. ಕಂಪ್ಯೂಟರ್‌ನಿಂದ ಕಣ್ಣು ಹೋಗುವುದಿಲ್ಲ ಎಂದ ಮೇಲೆ ನಮ್ಮ ಹೊಣೆ ಏನು? ಹುಟ್ಟಿನಿಂದ ಬಂದ ದೃಷ್ಟಿದೋಷಕ್ಕೆ, 40ರ ನಂತರ ಎಲ್ಲರಿಗೂ ಬರುವ ಚಾಳೀಸಿಗೆ ಕಚೇರಿ ಏಕೆ ದುಡ್ಡು ಕೊಡಬೇಕು? ರಾತ್ರಿ ಹನ್ನೆರಡರವರೆಗೆ ಮೊಬೈಲ್‌ನಲ್ಲಿ ರೀಲ್ಸ್ ನೋಡುವುದು ಅವರೇ ಅಲ್ಲವೇ? ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಒಬ್ಬರ ಕಣ್ಣಿನ ಉರಿಯಲ್ಲಿ ಕಚೇರಿಯ ಪಾಲೆಷ್ಟು, ಮೊಬೈಲಿನ ಪಾಲೆಷ್ಟು ಎಂದು ಯಾವ ವೈದ್ಯರೂ ಭಾಗ ಮಾಡಿ ಹೇಳಲಾರರು.

ಆದರೆ ಈ ವಾದ ನಿಂತಿರುವುದು ಒಂದು ಊಹೆಯ ಮೇಲೆ. ತಪಾಸಣೆ ಎಂದರೆ ಪರಿಹಾರ, ಹಾನಿ ಮಾಡಿದವನು ಕಟ್ಟಬೇಕಾದ ದಂಡ ಎಂಬುದು ಆ ಊಹೆ. ಕಣ್ಣಿನ ತಪಾಸಣೆಯ ನಿಯಮ ಹಳೆಯದಾಗಿ ಬೇರೂರಿರುವ ಕಡೆ ತರ್ಕವೇ ಬೇರೆ. ಅಲ್ಲಿ ಪ್ರಶ್ನೆ ಕೆಲಸ ಕಣ್ಣನ್ನು ಕೆಡಿಸಿತೇ ಎಂಬುದಲ್ಲ; ಈ ಕಣ್ಣಿನಿಂದ ಈ ಕೆಲಸವನ್ನು ನೋವಿಲ್ಲದೆ ಮಾಡಲು ಆಗುತ್ತದೆಯೇ ಎಂಬುದು. ಪಾಯಿಂಟ್ ಸರಿಯಿಲ್ಲದ ಕನ್ನಡಕ ಹಾಕಿಕೊಂಡವರಿಗೆ, ಕನ್ನಡಕ ಬೇಕೆಂದೇ ಗೊತ್ತಿಲ್ಲದವರಿಗೆ ಪರದೆಯ ಆಯಾಸ ಉಳಿದವರಿಗಿಂತ ಬೇಗ, ಹೆಚ್ಚು ಬರುತ್ತದೆ. ದೋಷ ಎಲ್ಲಿಂದ ಬಂತೆಂಬುದು ಇಲ್ಲಿ ಮುಖ್ಯವೇ ಅಲ್ಲ. ಮರ ಕಡಿಯಲು ಬಂದವನ ತೋಳಿನ ಬಲ ಅವನದೇ ಆದರೂ ಕೊಡಲಿ ಹರಿತವಿದೆಯೇ ಎಂದು ತೋಟದ ಯಜಮಾನ ನೋಡಿಯೇ ನೋಡುತ್ತಾನೆ.

ಬ್ರಿಟನ್ ಈ ಗಂಟನ್ನು ಬಿಡಿಸಿದ ರೀತಿ

ಯುರೋಪ್ ಒಕ್ಕೂಟ (ಆಗಿನ ಯುರೋಪಿಯನ್ ಆರ್ಥಿಕ ಸಮುದಾಯ) 1990ರ ಮೇ ತಿಂಗಳಲ್ಲೇ ಪರದೆ ಕೆಲಸದ ಕುರಿತು ಒಂದು ನಿರ್ದೇಶನ ಹೊರಡಿಸಿತು. ಪರದೆಯ ಕೆಲಸ ಶುರುವಾಗುವ ಮೊದಲು, ಆಮೇಲೆ ನಿಯತ ಅವಧಿಗೊಮ್ಮೆ, ಮತ್ತು ತೊಂದರೆ ಕಾಣಿಸಿದಾಗ ಕಣ್ಣಿನ ಪರೀಕ್ಷೆಗೆ ನೌಕರರು ಹಕ್ಕುದಾರರು. ಇದರ ಖರ್ಚು ಅವರ ಮೇಲೆ ಬೀಳಕೂಡದು ಎಂದಿತು. ಬ್ರಿಟನ್ 1992ರಲ್ಲಿ ಇದನ್ನು ತನ್ನ ನಿಯಮವಾಗಿಸಿಕೊಂಡಿತು. ದಿನವೂ, ಒಂದು ಗಂಟೆ ಅಥವಾ ಹೆಚ್ಚು ಹೊತ್ತು ಸತತವಾಗಿ ಪರದೆ ನೋಡುವ ನೌಕರ ಕೇಳಿದರೆ ಉದ್ಯೋಗದಾತ ಕಣ್ಣಿನ ಪರೀಕ್ಷೆ ಮಾಡಿಸಲೇಬೇಕು. ಪರೀಕ್ಷೆಯ ನಂತರ ಪರದೆಯ ದೂರಕ್ಕೆಂದೇ ಬೇರೆ ಕನ್ನಡಕ ಬೇಕಾದರೆ ಸಾಧಾರಣ ಫ್ರೇಮಿನ ಬೆಲೆಯನ್ನೂ ಕೊಡಬೇಕು. ಓದಲು, ಗಾಡಿ ಓಡಿಸಲು ಬಳಸುವ ಕನ್ನಡಕವೇ ಸಾಕಾದರೆ ಅದರ ಖರ್ಚು ನೌಕರನದು. ಫ್ಯಾಷನ್ ಫ್ರೇಮ್ ಬೇಕೆಂದರೆ ಮೇಲಿನ ಹಣವೂ ನೌಕರನದೇ.

ನಮ್ಮ ಚರ್ಚೆಗೆ ಹತ್ತಿರವಾದದ್ದು ತಾತ್ಕಾಲಿಕ ನೌಕರರ ಭಾಗ. ಏಜೆನ್ಸಿಯ ನೌಕರನಾಗಿ ಬೇರೆ ಕಡೆ ಕೂತು ಕೆಲಸ ಮಾಡುವವರ ವಿಷಯದಲ್ಲಿ ಅಲ್ಲಿ ಹೊಣೆಯನ್ನು ಎರಡು ಭಾಗ ಮಾಡಿದ್ದಾರೆ. ಮೇಜು, ಕುರ್ಚಿ, ಬೆಳಕು, ಪರದೆಯ ಕೋನ ಇವೆಲ್ಲ ಕೆಲಸ ಮಾಡಿಸಿಕೊಳ್ಳುವ ಕಚೇರಿಯ ಜವಾಬ್ದಾರಿ. ಕಣ್ಣಿನ ಪರೀಕ್ಷೆ ಮತ್ತು ಕನ್ನಡಕ ಏಜೆನ್ಸಿಯ ಜವಾಬ್ದಾರಿ, ಏಕೆಂದರೆ ಉದ್ಯೋಗದಾತ ಅದೇ. ಮೇಜು ಕಚೇರಿಯನ್ನು ಬಿಟ್ಟು ಹೋಗುವುದಿಲ್ಲ. ನೌಕರ ಇವತ್ತು ಇಲ್ಲಿ, ನಾಳೆ ಇನ್ನೊಂದು ಕಡೆ, ಕಣ್ಣು ಅವನ ಜೊತೆಗೇ ಹೋಗುತ್ತದೆ. ಸ್ವಂತ ಲೆಕ್ಕದಲ್ಲಿ ದುಡಿಯುವವರಿಗೆ ಮಾತ್ರ ಕಣ್ಣಿನ ಪರೀಕ್ಷೆಯ ಹಕ್ಕು ಅಲ್ಲೂ ಇಲ್ಲ.

ಯುರೋಪಿನಲ್ಲಿ ಇದು ನ್ಯಾಯಾಲಯಕ್ಕೂ ಹೋಗಿದೆ. ರೊಮೇನಿಯಾದ ವಲಸೆ ಇಲಾಖೆಯ ನೌಕರರೊಬ್ಬರು ಪರದೆ ಕೆಲಸದಿಂದ ದೃಷ್ಟಿ ಕುಂದಿತೆಂದು ಕನ್ನಡಕದ ಹಣ ಕೇಳಿದರು, ಇಲಾಖೆ ಕೊಡಲಿಲ್ಲ. 2022ರ ಡಿಸೆಂಬರ್ 22ರಂದು ಯುರೋಪ್ ಒಕ್ಕೂಟದ ನ್ಯಾಯಾಲಯ ಹೇಳಿದ್ದು: ಪರದೆ ಕೆಲಸಕ್ಕೆ ಸಂಬಂಧಿಸಿದ ದೃಷ್ಟಿ ತೊಂದರೆಯನ್ನು ಸರಿಪಡಿಸುವ ಸಾಮಾನ್ಯ ಕನ್ನಡಕವೂ ಈ ನಿಯಮದೊಳಗೆ ಬರುತ್ತದೆ, ಉದ್ಯೋಗದಾತ ಕನ್ನಡಕವನ್ನೇ ಕೊಡಬಹುದು ಅಥವಾ ಖರ್ಚು ಮರುಪಾವತಿಸಬಹುದು, ಸಂಬಳದಲ್ಲಿ ಸಾಮಾನ್ಯ ಭತ್ಯೆ ಸೇರಿಸಿ ಕೈತೊಳೆದುಕೊಳ್ಳುವಂತಿಲ್ಲ.

ನಮ್ಮ ಸಂಹಿತೆ ಹೇಳುವುದೇನು

ಹಳೆಯ ಕಾರ್ಖಾನೆ ಕಾಯ್ದೆ, 1948ರಲ್ಲಿ ಕಣ್ಣಿನ ರಕ್ಷಣೆಗೆಂದೇ 35ನೇ ಕಲಮು ಇತ್ತು. ಆದರೆ ಅದು ವೆಲ್ಡಿಂಗ್ ಬೆಳಕು, ಹಾರಿಬರುವ ಕಬ್ಬಿಣದ ಚೂರಿನಂಥ ಅಪಾಯಗಳಿಗೆ. ಭದ್ರಾವತಿಯ ಕಾರ್ಖಾನೆಗಳಿಗೆ ಅದರ ಅರ್ಥ ಗೊತ್ತಿತ್ತು. ಕಚೇರಿಗೆ ಅದು ತಟ್ಟಲೇ ಇಲ್ಲ. ಹೊಸ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020ರ ಮೂರನೇ ಅನುಸೂಚಿಯಲ್ಲಿ ವರದಿ ಮಾಡಲೇಬೇಕಾದ 29 ಔದ್ಯೋಗಿಕ ಕಾಯಿಲೆಗಳ ಪಟ್ಟಿ ಇದೆ. ಸೀಸದ ವಿಷ, ಸಿಲಿಕೋಸಿಸ್, ಶಬ್ದದಿಂದ ಬರುವ ಕಿವುಡು ಎಲ್ಲ ಇವೆ. ಪರದೆಯಿಂದ ಬರುವ ಕಣ್ಣಿನ ಆಯಾಸ ಇಲ್ಲ.

ಹಾಗಾದರೆ ಎಲ್ಲಿದೆ? ಸಂಹಿತೆಯ 6ನೇ ಕಲಮಿನಲ್ಲಿ. ಸರ್ಕಾರ ನಿಗದಿಪಡಿಸಿದ ವಯಸ್ಸಿನ ಅಥವಾ ನಿಗದಿಪಡಿಸಿದ ವರ್ಗದ ನೌಕರರಿಗೆ ವಾರ್ಷಿಕ ಆರೋಗ್ಯ ಪರೀಕ್ಷೆಯನ್ನು ಉದ್ಯೋಗದಾತ ಉಚಿತವಾಗಿ ಮಾಡಿಸಬೇಕು ಎಂಬುದು ಅದರ ಸಾರ. ಇಲ್ಲಿ ಎರಡು ವಿಷಯ ಗಮನಿಸಬೇಕು. ಸುದ್ದಿಯಲ್ಲಿ ಬಂದ 40 ವರ್ಷ ಎಂಬುದು ಈ ಕಲಮಿನಲ್ಲಿ ಇಲ್ಲ. ವಯಸ್ಸು ಎಷ್ಟು, ಪರೀಕ್ಷೆ ಯಾವುದು ಎಂಬುದನ್ನು ನಿಯಮಗಳಿಗೆ ಬಿಟ್ಟಿದೆ. 2020ರಲ್ಲಿ ಕೇಂದ್ರ ಹೊರಡಿಸಿದ ಕರಡು ನಿಯಮದಲ್ಲಿ 45 ವರ್ಷ ಎಂದಿತ್ತು, ಅದೂ ಕಾರ್ಖಾನೆ, ಬಂದರು, ಗಣಿ, ಕಟ್ಟಡ ಕೆಲಸದವರಿಗೆ. ಅಂದರೆ ಈ ಅಂಕಿ ಬದಲಾಗುವಂಥದ್ದು, ಬದಲಾಗಿಯೂ ಇದೆ. ಎರಡನೆಯದು ಇನ್ನೂ ಮುಖ್ಯ: ವಯಸ್ಸು ಅಥವಾ ವರ್ಗ ಎಂದಿದೆ, ವಯಸ್ಸು ಮಾತ್ರ ಎಂದಿಲ್ಲ. ದಿನವಿಡೀ ಪರದೆ ನೋಡುವವರನ್ನು ಒಂದು ವರ್ಗವೆಂದು ಹೆಸರಿಸಿ, ವಯಸ್ಸು ನೋಡದೆ ಕಣ್ಣಿನ ಪರೀಕ್ಷೆ ಕಡ್ಡಾಯ ಮಾಡಲು ಸರ್ಕಾರಕ್ಕೆ ಹೊಸ ಕಾನೂನು ಬೇಡ. ನಿಯಮದಲ್ಲಿ ಒಂದು ಸಾಲು ಸಾಕು.

40 ವರ್ಷದ ಗೆರೆ ಚಾಳೀಸಿನವರಿಗೆ ಸರಿಹೊಂದುತ್ತದೆ, ನಿಜ. ಬೈಫೋಕಲ್ ಹಾಕಿಕೊಂಡು ಕಂಪ್ಯೂಟರ್ ನೋಡುವವರು ಕೆಳಗಿನ ಭಾಗದಿಂದ ಓದಲು ಗದ್ದ ಎತ್ತುತ್ತಾರೆ, ಕುತ್ತಿಗೆ ನೋವು ಶುರುವಾಗುತ್ತದೆ. ಪರದೆಯ ದೂರಕ್ಕೆಂದೇ ಬೇರೆ ಕನ್ನಡಕ ಬೇಕಾಗುವುದು ಹೆಚ್ಚಾಗಿ ಇವರಿಗೇ. ಆದರೆ ಆಪರೇಟರ್ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಪದವಿ ಮುಗಿಸಿ ನೇರ ಬಂದ ಹುಡುಗ ಹುಡುಗಿಯರು. ಅವರ ಸಮೀಪದೃಷ್ಟಿ, ಆಸ್ಟಿಗ್ಮ್ಯಾಟಿಸಮ್ (ಕಣ್ಣಿನ ಮೇಲ್ಮೈ ಸಮವಾಗಿ ಬಾಗಿರದೆ ಅಕ್ಷರ ಮಸುಕಾಗುವ ದೋಷ) ಈ ಗೆರೆಯ ಆಚೆಗೇ ಉಳಿಯುತ್ತವೆ.

ಏಜೆನ್ಸಿಯೋ, ಕಚೇರಿಯೋ?

ಈಗ ಮೂರನೇ ಪ್ರಶ್ನೆ. ಸಂಹಿತೆ ಕೇಂದ್ರ ಮತ್ತು ರಾಜ್ಯ ಸರ್ಕಾರಿ ಕಚೇರಿಗಳಿಗೆ ಅನ್ವಯಿಸುವುದಿಲ್ಲ ಎಂದು ಮೊದಲ ಕಲಮಿನಲ್ಲೇ ಇದೆ. ಇಷ್ಟನ್ನೇ ಓದಿ ಕೈಬಿಡುವವರಿದ್ದಾರೆ. ಅದರ ಕೆಳಗಿನ ಸಾಲನ್ನೂ ಓದಬೇಕು: ಸರ್ಕಾರಿ ಕಚೇರಿಯಲ್ಲಿ ಗುತ್ತಿಗೆದಾರರ ಮೂಲಕ ಕೆಲಸ ಮಾಡುವ ಗುತ್ತಿಗೆ ಕಾರ್ಮಿಕರಿಗೆ ಇದು ಅನ್ವಯಿಸುತ್ತದೆ, ಅಲ್ಲಿ ಸರ್ಕಾರವೇ ಪ್ರಧಾನ ಉದ್ಯೋಗದಾತ, ಅಂದರೆ ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿಕೊಳ್ಳುವವರು. ವಿಚಿತ್ರ ನೋಡಿ, ಒಂದೇ ಮೇಜಿನ ಆಚೀಚೆ ಕೂತ ಕಾಯಂ ಗುಮಾಸ್ತರಿಗೆ ಈ ಸಂಹಿತೆ ಇಲ್ಲ, ಹೊರಗುತ್ತಿಗೆಯವರಿಗೆ ಇದೆ. ಕಾಯಂ ನೌಕರರಿಗೆ ವೈದ್ಯಕೀಯ ವೆಚ್ಚದ ನಿಯಮಗಳು, ಈಗ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಇವೆ ಎಂಬುದನ್ನು ಮರೆಯುವಂತಿಲ್ಲ.

ಹೊಣೆಯ ಹಂಚಿಕೆ ಹೀಗಿದೆ. ಉದ್ಯೋಗದಾತ ಎಂಬ ಪದದ ವ್ಯಾಖ್ಯೆಯಲ್ಲಿ ಗುತ್ತಿಗೆದಾರನೂ ಸೇರಿದ್ದಾನೆ. ಆದ್ದರಿಂದ 6ನೇ ಕಲಮಿನ ಆರೋಗ್ಯ ಪರೀಕ್ಷೆ ಮೊದಲು ಬೀಳುವುದು ಏಜೆನ್ಸಿಯ ಮೇಲೆ. ಇನ್ನೊಂದು ಕಡೆ 53ನೇ ಕಲಮು, 23 ಮತ್ತು 24ನೇ ಕಲಮಿನ ಸೌಲಭ್ಯಗಳನ್ನು ಗುತ್ತಿಗೆ ಕಾರ್ಮಿಕರಿಗೆ ಪ್ರಧಾನ ಉದ್ಯೋಗದಾತನೇ ಒದಗಿಸಬೇಕು ಎನ್ನುತ್ತದೆ. ಆ 23ನೇ ಕಲಮಿನ ಪಟ್ಟಿಯಲ್ಲಿ ಗಾಳಿ, ಕುಡಿಯುವ ನೀರು, ಶೌಚಾಲಯದ ಜೊತೆಗೆ ಸಾಕಷ್ಟು ಬೆಳಕು ಎಂಬುದೂ ಇದೆ. ಹಳೆಯ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಸೌಲಭ್ಯ ಕೊಡುವುದು ಮೊದಲು ಗುತ್ತಿಗೆದಾರನ ಕೆಲಸವಾಗಿತ್ತು; ಅವನು ಕೊಡದಿದ್ದರೆ ಮಾತ್ರ ಪ್ರಧಾನ ಉದ್ಯೋಗದಾತನ ಸರದಿ. ಈಗ ಆ ಸುತ್ತುದಾರಿ ಇಲ್ಲ.

ಬೆಳಕು ಕಚೇರಿಯದು, ಕಣ್ಣು ಏಜೆನ್ಸಿಯದು. ಬ್ರಿಟನ್ ಮೂರು ದಶಕದ ಹಿಂದೆ ಮಾಡಿದ ವಿಭಜನೆಯ ಹತ್ತಿರಕ್ಕೇ ನಮ್ಮ ಸಂಹಿತೆಯೂ ಬಂದಿದೆ. ಆದರೆ ಹಾಗೆಂದು ಎಲ್ಲೂ ಬಿಡಿಸಿ ಹೇಳಿಲ್ಲ. ಪರದೆ ಎಂಬ ಒಂದು ಪದವೂ ಅದರ ಈ ಕಲಮುಗಳಲ್ಲಿ ಇಲ್ಲದಿರುವುದರಿಂದ ಓದುವವರು ತಾವೇ ಜೋಡಿಸಿಕೊಳ್ಳಬೇಕು.

ಸಂಖ್ಯೆಯ ಮಿತಿ ಗೊಂದಲಕ್ಕೆ ಇನ್ನೊಂದು ಕಾರಣ. ಹಿಂದೆ 20 ಗುತ್ತಿಗೆ ಕಾರ್ಮಿಕರಿದ್ದರೆ ಕಾಯ್ದೆ ಅನ್ವಯಿಸುತ್ತಿತ್ತು, ಈಗ ಗುತ್ತಿಗೆ ಕಾರ್ಮಿಕರ ಭಾಗಕ್ಕೆ ಅದು 50. ಹೊಸನಗರದಂಥ ತಾಲ್ಲೂಕಿನ ಕಚೇರಿಯೊಂದರಲ್ಲಿ 50 ಹೊರಗುತ್ತಿಗೆ ಆಪರೇಟರ್‌ಗಳು ಎಲ್ಲಿಂದ ಬರಬೇಕು? ಆದರೆ ಸಂಹಿತೆ ಮಾನವ ಸಂಪನ್ಮೂಲ ಪೂರೈಸುವ ಗುತ್ತಿಗೆದಾರನ ಒಟ್ಟು ಲೆಕ್ಕವನ್ನೂ ಹಿಡಿಯುತ್ತದೆ. ಹಲವು ಕಚೇರಿಗಳಿಗೆ ಜನ ಕಳಿಸುವ ಏಜೆನ್ಸಿಯ ಬಳಿ ಒಟ್ಟು 50 ದಾಟಿದ್ದರೆ, ಒಂದೊಂದು ಕಚೇರಿಯಲ್ಲಿ ನಾಲ್ಕೇ ಜನ ಇದ್ದರೂ ಏಜೆನ್ಸಿ ಹೊರಗುಳಿಯುವುದಿಲ್ಲ. ಏಜೆನ್ಸಿಗಳಿಗೆ ಉಳಿಯುವ ಕಿಂಡಿ ಬೇರೆ: ನಮ್ಮಲ್ಲಿ ಇವರು ಕಾಯಂ, ನಿಯತವಾಗಿ ವೇತನ ಬಡ್ತಿ ಕೊಡುತ್ತೇವೆ, ಸಾಮಾಜಿಕ ಭದ್ರತೆ ಇದೆ ಎಂದು ತೋರಿಸಿದರೆ ಅಂಥವರು ಗುತ್ತಿಗೆ ಕಾರ್ಮಿಕರ ವ್ಯಾಖ್ಯೆಯಿಂದಲೇ ಹೊರಗೆ. ಮುಂದೆ ವ್ಯಾಜ್ಯಗಳು ಹುಟ್ಟುವುದು ಇಲ್ಲಿಂದಲೇ ಎನ್ನಿಸುತ್ತದೆ.

ಯಾರ ನಿಯಮ ಎಂಬುದೂ ಒಂದೇ ಬೀದಿಯಲ್ಲಿ ಬದಲಾಗುತ್ತದೆ. ಶಿವಮೊಗ್ಗದ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಕೂತ ಹೊರಗುತ್ತಿಗೆಯವರಿಗೆ ಕೇಂದ್ರದ ನಿಯಮ, ಪಕ್ಕದ ರಾಜ್ಯ ಸರ್ಕಾರಿ ಕಚೇರಿಯವರಿಗೆ ರಾಜ್ಯದ ನಿಯಮ. ಗ್ರಾಮ ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರ್‌ಗಳ ಕಥೆ ಇನ್ನೊಂದು: ಅವರು ಏಜೆನ್ಸಿಯವರಲ್ಲ, ಪಂಚಾಯಿತಿಯದೇ ನೌಕರರು, ಆದರೆ ಸಂಹಿತೆಯ ಸಾಮಾನ್ಯ ಮಿತಿ 10 ಕೆಲಸಗಾರರು, ಅಷ್ಟು ಜನ ಇಲ್ಲದ ಪಂಚಾಯಿತಿಗಳು ಮಲೆನಾಡಿನಲ್ಲಿ ಕಡಿಮೆಯೇನಲ್ಲ. ಗ್ರಾಮ ಒನ್ ನಡೆಸುವವರು ಕಮಿಷನ್ ಮೇಲೆ ದುಡಿಯುವವರು. ಅವರು ಯಾರ ನೌಕರರೂ ಅಲ್ಲದ್ದರಿಂದ ಅವರ ಕಣ್ಣು ಅವರದೇ ಖರ್ಚು.

ಇಎಸ್‌ಐ ಇದೆಯಲ್ಲ?

ಏಜೆನ್ಸಿಗಳ ಸಿದ್ಧ ಉತ್ತರ ಇದು. ಇಎಸ್‌ಐ ಕಟ್ಟುತ್ತಿದ್ದೇವೆ, ಅಲ್ಲಿಗೆ ಹೋಗಿ ತೋರಿಸಿಕೊಳ್ಳಲಿ. ಸಂಬಳದ 3.25 ಶೇಕಡಾ ಉದ್ಯೋಗದಾತನ ಪಾಲು, 0.75 ನೌಕರನದು, ತಿಂಗಳ ಸಂಬಳ 21,000 ರೂಪಾಯಿ ಮೀರದವರಿಗೆ ಮಾತ್ರ ಈ ರಕ್ಷಣೆ. ಆದರೆ ಇಎಸ್‌ಐ ಎಂಬುದು ವಿಮೆ. ಅದರಲ್ಲಿ ನೌಕರನ ಹಣವೂ ಇದೆ. 6ನೇ ಕಲಮಿನದು ಉದ್ಯೋಗದಾತ ಸ್ವಂತ ಖರ್ಚಿನಲ್ಲಿ ಮಾಡಿಸಬೇಕಾದ ಕೆಲಸ. ಒಂದಿದೆ ಎಂದು ಇನ್ನೊಂದು ತಪ್ಪುವುದಿಲ್ಲ.

ದುಡ್ಡು ಎಲ್ಲಿ ನಿಂತಿದೆ

ಕಣ್ಣಿನ ಪರೀಕ್ಷೆಗೆ ತಗಲುವ ಹಣ ನಿಜಕ್ಕೂ ಸಣ್ಣದು. ತಾಲ್ಲೂಕು ಆಸ್ಪತ್ರೆಗಳಲ್ಲಿ ದೃಷ್ಟಿ ಪರೀಕ್ಷಿಸುವ ನೇತ್ರ ಸಿಬ್ಬಂದಿ ಇರುತ್ತಾರೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ನೇತ್ರ ವಿಭಾಗವಿದೆ, ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆ ಇದೆ. ಕನ್ನಡಕ ಕೊಂಡರೆ ಪಾಯಿಂಟ್ ನೋಡುವುದು ಉಚಿತ ಎನ್ನುವ ಆಪ್ಟಿಕಲ್ಸ್ ಅಂಗಡಿಗಳು ಪ್ರತಿ ಪೇಟೆಯಲ್ಲೂ ಇವೆ. ದೃಷ್ಟಿ ಸರಿಪಡಿಸುವ ಕನ್ನಡಕದ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಿಂದ 5 ಶೇಕಡಾಕ್ಕೆ ಇಳಿದಿದೆ.

ದೊಡ್ಡ ಖರ್ಚು ದಿನಗೂಲಿಯ ನಷ್ಟ. ಹೊಸನಗರ ತಾಲ್ಲೂಕಿನ ನಗರ ಹೋಬಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬಂದು, ಸಾಲಿನಲ್ಲಿ ನಿಂತು, ಕಣ್ಣಿಗೆ ಔಷಧಿ ಹಾಕಿಸಿಕೊಂಡು ಹಿಂತಿರುಗಿದರೆ ಒಂದು ದಿನ ಪೂರ್ತಿ ಹೋಯಿತು. ಔಷಧಿ ಹಾಕಿದ ದಿನ ಪರದೆ ಓದುವುದೂ ಆಗದು. ಸಂಬಳಸಹಿತ ರಜೆ ಸಿಗದ ಹೊರಗುತ್ತಿಗೆಯವರು ಅದಕ್ಕೇ ತಪಾಸಣೆಯನ್ನು ಮುಂದೂಡುತ್ತಾರೆ. ತಪಾಸಣೆ ಉಚಿತ ಎಂದು ಬರೆದು, ಆ ದಿನದ ಹಾಜರಿ ಕೊಡುವ ಬಗ್ಗೆ ಏನೂ ಹೇಳದಿದ್ದರೆ ಆ ಉಚಿತಕ್ಕೆ ಹೆಚ್ಚು ಅರ್ಥ ಇರುವುದಿಲ್ಲ.

ಇಷ್ಟು ಸಣ್ಣ ಮೊತ್ತವನ್ನೂ ಯಾರೂ ಭರಿಸದೆ ಇರುವುದಕ್ಕೆ ದುರುದ್ದೇಶ ಕಾರಣವೆನ್ನುವುದಕ್ಕಿಂತ ಬಿಲ್ಲಿನ ನಮೂನೆ ಕಾರಣ ಎನ್ನುವುದು ಸರಿ. ಇಲಾಖೆ ಟೆಂಡರ್ ಕರೆಯುತ್ತದೆ. ಏಜೆನ್ಸಿ ತಿಂಗಳ ಬಿಲ್ಲಿನಲ್ಲಿ ಕನಿಷ್ಠ ವೇತನ, ಭವಿಷ್ಯ ನಿಧಿ, ಇಎಸ್‌ಐ, ಸೇವಾ ಶುಲ್ಕ, ಜಿಎಸ್‌ಟಿ ಎಂದು ಬರೆಯುತ್ತದೆ. ಮೊದಲ ಮೂರು ಎಲ್ಲರಿಗೂ ಒಂದೇ ಆದ್ದರಿಂದ ಪೈಪೋಟಿ ನಡೆಯುವುದು ಸೇವಾ ಶುಲ್ಕದಲ್ಲಿ ಮಾತ್ರ. ಕಡಿಮೆ ಬರೆದವರಿಗೆ ಕೆಲಸ. ಬಿಲ್ಲಿನಲ್ಲಿ ಕಣ್ಣಿನ ತಪಾಸಣೆ ಎಂಬ ಶೀರ್ಷಿಕೆ ಇಲ್ಲ. ಏಜೆನ್ಸಿ ಅದನ್ನು ಮಾಡಿಸಿದರೆ ಆ ತೆಳುವಾದ ಸೇವಾ ಶುಲ್ಕದಿಂದಲೇ ಕೊಡಬೇಕು. ಕಚೇರಿ ಕೊಡೋಣವೆಂದರೆ ಒಪ್ಪಂದದಲ್ಲಿಲ್ಲದ ಬಾಬತ್ತಿಗೆ ಹಣ ಕೊಟ್ಟದ್ದೇಕೆ ಎಂದು ಆಡಿಟ್ ಆಕ್ಷೇಪಣೆ ಬರುತ್ತದೆ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ನಡುವೆ ಉಳಿದವರು ಸ್ವಂತ ದುಡ್ಡಿನಲ್ಲಿ ಕನ್ನಡಕ ಕೊಳ್ಳುತ್ತಾರೆ, ಅಥವಾ ಕೊಳ್ಳುವುದೇ ಇಲ್ಲ.

ಏಜೆನ್ಸಿ ಬದಲಾಗುವುದು ಇನ್ನೊಂದು ತೊಡಕು. ಒಪ್ಪಂದ ಮುಗಿದಾಗ ಹೊಸ ಏಜೆನ್ಸಿ ಬರುತ್ತದೆ. ಕುರ್ಚಿ ಅದೇ, ಕೂತವರೂ ಅವರೇ, ನೇಮಕಾತಿ ಪತ್ರ ಮಾತ್ರ ಹೊಸದು. ವರ್ಷಕ್ಕೊಮ್ಮೆ ಎಂಬ ಲೆಕ್ಕ ಮತ್ತೆ ಸೊನ್ನೆಯಿಂದ ಆರಂಭವೋ, ಹಿಂದಿನದು ಮುಂದುವರಿಯುವುದೋ? ತಪಾಸಣೆಯ ದಾಖಲೆ ಯಾರ ಬಳಿ ಇರಬೇಕು? ರಾಜ್ಯದ ನಿಯಮ ಇದನ್ನು ಹೇಳದಿದ್ದರೆ ಪ್ರತಿ ಏಜೆನ್ಸಿಯೂ ಮುಂದಿನವರ ಕಡೆ ಕೈ ತೋರಿಸಬಹುದು.

ತಪಾಸಣೆಯೇ ತಿರುಗುಬಾಣವಾದರೆ?

ಕಾರ್ಮಿಕರ ಕಡೆಯಿಂದಲೂ ಒಂದು ಆತಂಕ ಇದೆ, ಅದು ಗಂಭೀರವಾದದ್ದು. ಕಾಯಂ ಅಲ್ಲದವರನ್ನು ತೆಗೆಯಲು ಕಾರಣ ಬೇಕಿಲ್ಲ. ಮುಂದಿನ ತಿಂಗಳಿಂದ ಬರಬೇಡಿ ಎಂದರೆ ಮುಗಿಯಿತು. ಅಂಥ ಕಡೆ ಕಡ್ಡಾಯ ತಪಾಸಣೆಯ ವರದಿ ನೇರ ಏಜೆನ್ಸಿಯ ಕೈಗೆ ಹೋದರೆ, ದೊಡ್ಡ ಪಾಯಿಂಟ್ ಇರುವವರ ಬದಲು ಬೇರೊಬ್ಬರನ್ನು ಕಳಿಸುವ ಯೋಚನೆ ಬರಬಹುದು. ಬ್ರಿಟನ್ನಿನ ನಿಯಮ ಈ ದಾರಿಯನ್ನು ಮುಚ್ಚಿದೆ: ಪರೀಕ್ಷೆ ನೌಕರ ಕೇಳಿದಾಗ ಮಾತ್ರ, ಅವನ ಇಚ್ಛೆಗೆ ವಿರುದ್ಧವಾಗಿ ಮಾಡಿಸಬೇಕೆಂದು ನಿಯಮ ಹೇಳುವುದಿಲ್ಲ. ನಮ್ಮ ಸಂಹಿತೆಯ ಒಲವು ವಾರ್ಷಿಕ ತಪಾಸಣೆಯ ಕಡೆಗೆ ಇದೆ. ಹಾಗಾಗಿ ಕನಿಷ್ಠ ವರದಿಯ ವಿವರ ನೌಕರರಿಗೆ ಮಾತ್ರ, ಏಜೆನ್ಸಿಗೆ ಕನ್ನಡಕ ಬೇಕು ಅಥವಾ ಬೇಡ ಎಂಬ ಒಂದು ಸಾಲು ಮಾತ್ರ ಎಂದು ನಿಯಮದಲ್ಲಿ ಬರಬೇಕಾಗುತ್ತದೆ.

ಸುಮ್ಮನೆ ಬಿಟ್ಟರೆ ಏನಾಗುತ್ತದೆ

ನೌಕರರ ತಲೆನೋವು ಒಂದು ಕಡೆ ಇರಲಿ. ಮಲೆನಾಡಿನಲ್ಲಿ ಭೂದಾಖಲೆ ಎಂದರೆ ಸಾಮಾನ್ಯ ಕಾಗದವಲ್ಲ. ಬಗರ್ ಹುಕುಂ ಅರ್ಜಿಗಳು, ಶರಾವತಿ ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಜಮೀನಿನ ಕಡತಗಳು, ಅರಣ್ಯ ಮತ್ತು ಕಂದಾಯ ಇಲಾಖೆಗಳ ನಡುವಿನ ಗಡಿ ತಕರಾರು, ಎಲ್ಲವೂ ಹಳೆಯ ಹಾಳೆಯ ಒಂದು ನಮೂದಿನ ಮೇಲೆ ನಿಂತಿರುತ್ತವೆ. ಇಂಡೆಕ್ಸ್‌ನಲ್ಲಿ ಸರ್ವೆ ನಂಬರ್ 63 ಆಗಬೇಕಾದದ್ದು 36 ಆದರೆ ಕಡತ ಕಳೆದುಹೋಗುವುದಿಲ್ಲ, ಹುಡುಕಿದಾಗ ಸಿಗುವುದಿಲ್ಲ ಅಷ್ಟೆ. ಸೊರಬದ ರೈತರೊಬ್ಬರು ತಮ್ಮ ಸಾಗುವಳಿ ಚೀಟಿಯ ಮೂಲ ದಾಖಲೆ ಇಲ್ಲವೆಂಬ ಹಿಂಬರಹ ಹಿಡಿದು ಉಪವಿಭಾಗಾಧಿಕಾರಿ ಕಚೇರಿಗೆ ಅಲೆಯಬೇಕಾಗಬಹುದು. ತಪ್ಪಿಗೆ ಕಣ್ಣೊಂದೇ ಕಾರಣವಲ್ಲ. ಗುರಿ ಮುಟ್ಟುವ ಅವಸರ, ಸರ್ವರ್ ಕೈಕೊಡುವುದು, ಹಾಳೆಯ ಸ್ಥಿತಿ ಎಲ್ಲ ಸೇರುತ್ತವೆ. ಆದರೆ ಇವುಗಳಲ್ಲಿ ಅತಿ ಅಗ್ಗದಲ್ಲಿ ಸರಿಪಡಿಸಬಹುದಾದದ್ದು ಕಣ್ಣಿನ ಪಾಯಿಂಟ್.

ಕಚೇರಿಗೆ ಕಾನೂನಿನ ಒತ್ತಡವೂ ಬರಲಿದೆ. ಬೆಳಕಿನ ಹೊಣೆ ನೇರ ಪ್ರಧಾನ ಉದ್ಯೋಗದಾತನ ಮೇಲೆ ಬಂದಿರುವುದರಿಂದ, ಏಜೆನ್ಸಿಯನ್ನು ಕೇಳಿ ಎಂಬ ಹಳೆಯ ಉತ್ತರ ಆ ವಿಷಯದಲ್ಲಿ ಇನ್ನು ನಡೆಯುವುದಿಲ್ಲ. ದೀಪಕ್ಕೂ ಯುಪಿಎಸ್ ಸಂಪರ್ಕ, ಕಿಟಕಿಗೆ ಕರ್ಟನ್, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಮಾನಿಟರ್ ತಿರುಗಿಸುವುದು, ಪರದೆಯ ಮಧ್ಯ ಕಣ್ಣಿನ ಮಟ್ಟಕ್ಕಿಂತ ನಾಲ್ಕೈದು ಇಂಚು ಕೆಳಗೆ, 20ರಿಂದ 28 ಇಂಚು ದೂರದಲ್ಲಿ ಇರುವಂತೆ ಇಡುವುದು: ಇವಕ್ಕೆ ನಿಯಮ ಬರುವವರೆಗೆ ಕಾಯಬೇಕಿಲ್ಲ, ಟೆಂಡರೂ ಬೇಕಿಲ್ಲ.

ಕಣ್ಣಿನ ಭಾಗಕ್ಕೆ ಮಾತ್ರ ಎರಡು ಕಾಗದ ಬದಲಾಗಬೇಕು. ಒಂದು, ಪರದೆ ಕೆಲಸದವರನ್ನು ಒಂದು ವರ್ಗವಾಗಿ ಹೆಸರಿಸುವ ರಾಜ್ಯದ ನಿಯಮ. ಇನ್ನೊಂದು, ಇಲಾಖೆಗಳ ಟೆಂಡರ್ ದಾಖಲೆ. ಅದರಲ್ಲಿ ವಾರ್ಷಿಕ ಕಣ್ಣಿನ ತಪಾಸಣೆ, ತಪಾಸಣೆಯ ದಿನದ ವೇತನ, ಅಗತ್ಯ ಬಿದ್ದರೆ ಸಾಧಾರಣ ಕನ್ನಡಕ ಎಂದು ಪ್ರತ್ಯೇಕ ಬಾಬತ್ತು ಸೇರಿಸಿ, ಅದನ್ನು ಸೇವಾ ಶುಲ್ಕದ ಪೈಪೋಟಿಯಿಂದ ಹೊರಗಿಟ್ಟರೆ ಎಲ್ಲ ಏಜೆನ್ಸಿಗಳಿಗೂ ಖರ್ಚು ಒಂದೇ ಆಗುತ್ತದೆ. ಕಣ್ಣು ತೋರಿಸಿದ ಏಜೆನ್ಸಿ ಟೆಂಡರ್ ಸೋಲುವ ಸ್ಥಿತಿ ಇರುವುದಿಲ್ಲ. ಈ ಎರಡನೆಯದಕ್ಕೆ ಮೊದಲನೆಯದು ಬರಲೇಬೇಕೆಂದಿಲ್ಲ, ಇಲಾಖೆಯ ಮಟ್ಟದಲ್ಲೇ ಆಗಬಹುದು. ಆದರೆ ಸಹಿ ಬಿದ್ದ ಒಪ್ಪಂದಕ್ಕೆ ನಡುವೆ ಹೊಸ ಬಾಬತ್ತು ಸೇರಿಸುವುದು ಕಷ್ಟ. ಟೆಂಡರ್ ಕರೆಯುವ ಮುನ್ನ ಸೇರಿಸದಿದ್ದರೆ ಆ ಒಪ್ಪಂದ ಮುಗಿಯುವವರೆಗೂ ಬಿಲ್ಲಿನ ನಮೂನೆ ಈಗಿರುವಂತೆಯೇ ಇರುತ್ತದೆ.